ಎಕ್ಸೆಲ್ ಸಾಕಾ, ಪವರ್ ಬಿಐ ಬೇಕಾ? ರಿಪೋರ್ಟ್, ಡೇಟಾ ಜೋಡಣೆ, ತರಬೇತಿ ಆರಿಸಿಕೊಳ್ಳುವ ಮುನ್ನ

ರಿಪೋರ್ಟ್ ಮಾಡೋಕೆ ಯಾವ ಟೂಲ್ ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಆ ರಿಪೋರ್ಟ್ ನೋಡುವವರು ಯಾರು? ಅದು ಕೆಟ್ಟು ನಿಂತ ದಿನ ಸರಿ ಮಾಡುವವರು ಯಾರು? ಮೊದಲನೆಯದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಎರಡನೆಯದಕ್ಕೆ ‘ಐಟಿಯವರು ನೋಡ್ಕೋತಾರೆ’ ಎಂಬ ಮಾತು ಬರುತ್ತದೆ. ಹೆಸರು ಹಿಡಿದು ಒಬ್ಬರನ್ನು ತೋರಿಸಲು ಆಗದಿದ್ದರೆ ಎಷ್ಟು ದುಡ್ಡು ಸುರಿದರೂ ಪ್ರಯೋಜನ ಇಲ್ಲ. ಆರು ತಿಂಗಳಲ್ಲಿ ಡ್ಯಾಶ್‌ಬೋರ್ಡ್ (ಮುಖ್ಯ ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ರಿಪೋರ್ಟ್) ಮೂಲೆ ಸೇರುತ್ತದೆ. ಎಲ್ಲರೂ ಮತ್ತೆ ವಾಟ್ಸಾಪ್‌ನಲ್ಲಿ ಎಕ್ಸೆಲ್ ಫೈಲ್ ಕಳಿಸಿಕೊಳ್ಳುತ್ತಿರುತ್ತಾರೆ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಒಬ್ಬ ಸಗಟು ವ್ಯಾಪಾರಿ. ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಒಂದೊಂದು ಶಾಖೆ. ಲೆಕ್ಕಪತ್ರ ಟ್ಯಾಲಿಯಲ್ಲಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಮೇಲೆ ಓಡುತ್ತದೆ. ಲೈನ್ ಮೇಲೆ ಹೋಗುವ ಹುಡುಗರು ಆರ್ಡರ್‌ಗಳನ್ನು ಗೂಗಲ್ ಶೀಟ್‌ನಲ್ಲಿ ತುಂಬುತ್ತಾರೆ. ಮಾಲೀಕರಿಗೆ ಬೆಳಿಗ್ಗೆ ಅಂಗಡಿಗೆ ಬರುವಷ್ಟರಲ್ಲಿ ಮೂರು ವಿಷಯ ಗೊತ್ತಾಗಬೇಕು: ನಿನ್ನೆ ಎಷ್ಟು ಮಾರಾಟ, ಯಾರ ಬಾಕಿ ಎಷ್ಟು ದಿನದಿಂದ ನಿಂತಿದೆ, ಯಾವ ಮಾಲು ಖಾಲಿಯಾಗುತ್ತಿದೆ. ಕರ್ನಾಟಕದ ಸಾವಿರಾರು ಮಧ್ಯಮ ಗಾತ್ರದ ಕಂಪನಿಗಳ ಸ್ಥಿತಿ ಹೆಚ್ಚುಕಮ್ಮಿ ಹೀಗೇ ಇದೆ.

ರಿಪೋರ್ಟ್ ಎಲ್ಲಿ ಮಾಡುವುದು

ಎಕ್ಸೆಲ್‌ನಿಂದಲೇ ಶುರು ಮಾಡೋಣ. ಅದನ್ನು ಕೀಳಾಗಿ ನೋಡುವವರು ಜಾಸ್ತಿ, ಆದರೆ ಅದರೊಳಗಿನ ಪವರ್ ಕ್ವೆರಿಯನ್ನು ಬಳಸಿದವರು ಕಮ್ಮಿ. ಎಕ್ಸೆಲ್ 2016ರಿಂದ ಅದು ಬೇರೆ ಇನ್‌ಸ್ಟಾಲ್ ಮಾಡದೆ ಒಳಗೇ ಬರುತ್ತದೆ. ನೇರವಾಗಿ ಡೇಟಾಬೇಸ್‌ಗೆ ಜೋಡಿಸಿ, ಬೇಡದ ಕಾಲಂ ತೆಗೆದು, ಎರಡು ಟೇಬಲ್ ಸೇರಿಸಿ ಇಡಬಹುದು. ನೀವು ಮಾಡಿದ ಪ್ರತಿ ಹೆಜ್ಜೆಯನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ನಾಳೆ ‘ರಿಫ್ರೆಶ್’ ಒತ್ತಿದರೆ ಅದೇ ಹೆಜ್ಜೆಗಳು ಹೊಸ ಡೇಟಾ ಮೇಲೆ ಓಡುತ್ತವೆ. ದಿನಾ ಕಾಪಿ-ಪೇಸ್ಟ್ ಮಾಡಿ ರಿಪೋರ್ಟ್ ಕಟ್ಟುವ ಅಕೌಂಟೆಂಟ್‌ಗೆ ಇದೊಂದನ್ನು ಕಲಿಸಿದರೂ ದಿನದಲ್ಲಿ ಎಷ್ಟೋ ಹೊತ್ತು ಉಳಿಯುತ್ತದೆ.

ಎಕ್ಸೆಲ್‌ನ ಮಿತಿ ಎಲ್ಲಿದೆ ಎಂಬುದೂ ಗೊತ್ತಿರಬೇಕು. ಒಂದು ಶೀಟ್‌ನಲ್ಲಿ 10,48,576 ಸಾಲು ಹಿಡಿಸುತ್ತದೆ. ಹಳೆಯ ಎಕ್ಸ್‌ಎಲ್‌ಎಸ್ ಫೈಲ್ ಆದರೆ ಬರೀ 65,536. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡ್‌ನ ಸಾರ್ವಜನಿಕ ಆರೋಗ್ಯ ಇಲಾಖೆ ಲ್ಯಾಬ್‌ಗಳಿಂದ ಬಂದ ಕೋವಿಡ್ ಫೈಲ್‌ಗಳನ್ನು ಈ ಹಳೆಯ ಎಕ್ಸ್‌ಎಲ್‌ಎಸ್‌ಗೆ ಎಳೆದುಕೊಳ್ಳುತ್ತಿತ್ತು. ಮಿತಿ ದಾಟಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋದವು. 15,841 ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲೇ ಇಲ್ಲ. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ಕೆಲವು ದಿನ ತಡವಾಯಿತು. ಎಷ್ಟು ಸಾಲು ಬರಬೇಕಿತ್ತು, ಎಷ್ಟು ಬಂತು ಎಂದು ಪ್ರತಿ ಸಲ ಎಣಿಸಿ ನೋಡುವ ಒಂದು ಸಣ್ಣ ಚೆಕ್ ಇದ್ದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಯಾವ ಟೂಲ್ ತಗೊಂಡರೂ ಆ ಚೆಕ್ ಇಟ್ಟುಕೊಳ್ಳಿ.

ನಮ್ಮ ವ್ಯಾಪಾರಿಗೆ ಸಾಲಿನ ಮಿತಿ ತೊಂದರೆ ಕೊಡುವುದು ಅಪರೂಪ. ತೊಂದರೆ ಬರುವುದು ಕಾಪಿಗಳಿಂದ. ಒಂದೇ ರಿಪೋರ್ಟ್ ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಮೂರು ಶಾಖೆಯಲ್ಲಿ ಮೂರು ರೂಪ ತಾಳುತ್ತದೆ. ಯಾವುದು ಸರಿ ಎಂದು ಫೋನ್‌ನಲ್ಲಿ ವಾದ ಶುರುವಾಗುತ್ತದೆ. ನೋಡುವವರು ನಾಲ್ಕೈದು ಜನಕ್ಕಿಂತ ಜಾಸ್ತಿ ಆದಾಗ, ಅಥವಾ ಬೇರೆ ಬೇರೆ ಊರಿನಲ್ಲಿ ಇದ್ದಾಗ ಎಕ್ಸೆಲ್ ಬಿಟ್ಟು ಮುಂದೆ ಹೋಗಿ.

ಮುಂದೆ ಎಂದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಮೈಕ್ರೋಸಾಫ್ಟ್‌ನ ರಿಪೋರ್ಟ್ ಟೂಲ್ ಪವರ್ ಬಿಐ. ಎಕ್ಸೆಲ್‌ನಲ್ಲಿ ಕಲಿತ ಪವರ್ ಕ್ವೆರಿ ಇಲ್ಲೂ ಹಾಗೇ ಕೆಲಸಕ್ಕೆ ಬರುತ್ತದೆ. ಇದು ದೊಡ್ಡ ಅನುಕೂಲ. ಡೆಸ್ಕ್‌ಟಾಪ್ ಆವೃತ್ತಿ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಖರ್ಚು ಶುರುವಾಗುವುದು ಹಂಚುವಾಗ. ರಿಪೋರ್ಟ್ ಮಾಡುವವರಿಗೂ ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. 2025ರ ಏಪ್ರಿಲ್‌ನಲ್ಲಿ ಅದರ ಬೆಲೆ ಒಬ್ಬರಿಗೆ ತಿಂಗಳಿಗೆ 10 ಡಾಲರ್‌ನಿಂದ 14 ಡಾಲರ್‌ಗೆ ಏರಿತು. ಹತ್ತು ಜನ ನೋಡಬೇಕೆಂದರೆ ಹತ್ತು ಲೈಸೆನ್ಸ್. ಕೊಟೇಶನ್ ತರಿಸುವಾಗ ನೋಡುವವರ ತಲೆಯನ್ನೂ ಎಣಿಸಿಕೊಂಡೇ ಕೇಳಿ.

ಈ ಖರ್ಚು ತಪ್ಪಿಸಲು ಕೆಲವರು ‘ಪಬ್ಲಿಶ್ ಟು ವೆಬ್’ ಎಂಬ ಆಯ್ಕೆ ಒತ್ತಿ, ಬಂದ ಲಿಂಕನ್ನು ಎಲ್ಲರಿಗೂ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಲಿಂಕ್‌ಗೆ ಪಾಸ್‌ವರ್ಡ್ ಇರುವುದಿಲ್ಲ. ಸಿಕ್ಕಿದ ಯಾರೇ ಆದರೂ ನಿಮ್ಮ ಗ್ರಾಹಕರ ಬಾಕಿ ಪಟ್ಟಿಯನ್ನು ತೆರೆದು ನೋಡಬಹುದು. ಆ ಆಯ್ಕೆ ಇರುವುದು ಸಾರ್ವಜನಿಕರಿಗೆ ತೋರಿಸುವ ಮಾಹಿತಿಗಾಗಿ.

ಇನ್ನೊಂದು ಮಾತು. ಡೇಟಾ ನಿಮ್ಮ ಕಚೇರಿಯ ಸರ್ವರ್‌ನಲ್ಲಿದ್ದರೆ ಅದನ್ನು ಕ್ಲೌಡ್‌ಗೆ ತಲುಪಿಸಲು ಗೇಟ್‌ವೇ ಎಂಬ ಸಣ್ಣ ಪ್ರೋಗ್ರಾಂ ಬೇಕು. ಅದನ್ನು ಯಾರದೋ ಮೇಜಿನ ಕಂಪ್ಯೂಟರ್‌ನಲ್ಲಿ ಹಾಕಿ ಬಿಟ್ಟಿರುತ್ತಾರೆ. ಸಂಜೆ ಅವರು ಮಷೀನ್ ಆಫ್ ಮಾಡಿ ಮನೆಗೆ ಹೋಗುತ್ತಾರೆ. ರಾತ್ರಿಯ ರಿಫ್ರೆಶ್ ಫೇಲ್ ಆಗುತ್ತದೆ. ಬೆಳಿಗ್ಗೆ ಮಾಲೀಕರು ಮೊನ್ನೆಯ ಅಂಕಿಯನ್ನೇ ನಿನ್ನೆಯದು ಎಂದುಕೊಳ್ಳುತ್ತಾರೆ. ಹಾಗಾಗಿ ಗೇಟ್‌ವೇ ಇರಬೇಕಾದದ್ದು ಯಾವಾಗಲೂ ಆನ್ ಇರುವ ಮಷೀನ್‌ನಲ್ಲಿ. ರಿಪೋರ್ಟ್‌ನ ಮೂಲೆಯಲ್ಲಿ ‘ಡೇಟಾ ಎಷ್ಟು ಗಂಟೆಯದು’ ಎಂಬ ಒಂದು ಸಾಲು ಕಾಣುತ್ತಿರಲಿ.

ಪ್ರಿಂಟ್ ತೆಗೆಯುವ ರಿಪೋರ್ಟ್‌ಗಳ ದಾರಿಯೇ ಬೇರೆ. ಪಾರ್ಟಿಗೆ ಕಳಿಸುವ ಲೆಡ್ಜರ್, ಪುಟ ಪುಟಕ್ಕೂ ತಲೆಬರಹ ಬರುವ ಸ್ಟಾಕ್ ಪಟ್ಟಿ, ಬೆಳಿಗ್ಗೆ ತಾನಾಗೇ ಮೇಲ್‌ಗೆ ಬಂದು ಬೀಳುವ ಪಿಡಿಎಫ್, ಇವಕ್ಕೆಲ್ಲ 2004ರಿಂದ ಎಸ್‌ಕ್ಯೂಎಲ್ ಸರ್ವರ್‌ನ ಜೊತೆಗಾರ ಎಸ್‌ಎಸ್‌ಆರ್‌ಎಸ್ ಎಂಬ ರಿಪೋರ್ಟ್ ಟೂಲ್. ಈಗ ಹೊಸದಾಗಿ ಶುರು ಮಾಡುವವರು ಸ್ವಲ್ಪ ಯೋಚಿಸಬೇಕು. 2022ರ ಆವೃತ್ತಿಯೇ ಅದರ ಕೊನೆಯದು. ಎಸ್‌ಕ್ಯೂಎಲ್ ಸರ್ವರ್ 2025ರಿಂದ ಅದರ ಜಾಗಕ್ಕೆ ಪವರ್ ಬಿಐ ರಿಪೋರ್ಟ್ ಸರ್ವರ್ ಬಂದಿದೆ. ಈಗಾಗಲೇ ನೂರಾರು ರಿಪೋರ್ಟ್ ಇರುವವರು ಗಾಬರಿ ಆಗಬೇಕಿಲ್ಲ, 2022ರ ಆವೃತ್ತಿಗೆ 2033ರ ಜನವರಿವರೆಗೆ ಬೆಂಬಲ ಇದೆ. ಎಸ್‌ಕ್ಯೂಎಲ್ ಸರ್ವರ್‌ನ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಬಳಸುವವರಿಗೆ ಒಂದು ಎಚ್ಚರಿಕೆ: ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸರ್ವರ್ ಏಜೆಂಟ್ ಅದರಲ್ಲಿ ಇಲ್ಲ. ಬೆಳಿಗ್ಗೆ ತಾನಾಗೇ ಮೇಲ್ ಹೋಗುವ ಸೌಲಭ್ಯವೂ ಇಲ್ಲ.

ಉಚಿತವಾದದ್ದು ಬೇಕು, ನೋಡುವವರು ಜಾಸ್ತಿ ಎಂದಾದರೆ ನನ್ನ ಆಯ್ಕೆ ಮೆಟಾಬೇಸ್ ಎಂಬ ರಿಪೋರ್ಟ್ ಟೂಲ್. ನಿಮ್ಮ ಸರ್ವರ್‌ನಲ್ಲೇ ಹಾಕಿಕೊಂಡರೆ ತಲೆಗೆ ಇಷ್ಟು ಎಂಬ ಲೈಸೆನ್ಸ್ ಇಲ್ಲ. ಬ್ರೌಸರ್‌ನಲ್ಲೇ ತೆರೆಯುತ್ತದೆ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬಾರದವರೂ ಕ್ಲಿಕ್ ಮಾಡುತ್ತಲೇ ಸಾಕಷ್ಟು ಪ್ರಶ್ನೆ ಕೇಳಬಹುದು. ಆದರೆ ಹಾಕುವ ದಿನವೇ ಒಂದು ಕೆಲಸ ಮಾಡಿ. ಅದು ತನ್ನ ಸ್ವಂತ ಮಾಹಿತಿಯನ್ನು, ಅಂದರೆ ನೀವು ಕಟ್ಟಿದ ರಿಪೋರ್ಟ್‌ಗಳನ್ನೆಲ್ಲ, ಸುಮ್ನೆ ಬಿಟ್ಟರೆ ಎಚ್2 ಎಂಬ ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆ ಫೈಲ್ ಹಾಳಾದರೆ ಎಲ್ಲ ಹೋಯಿತು. ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಬದಲಾಯಿಸಿ, ಅದಕ್ಕೂ ಬ್ಯಾಕಪ್ ಇಡಿ. ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ ಸೂಪರ್‌ಸೆಟ್ ಕೂಡ ಉಚಿತ, ಶಕ್ತಿಯೂ ಜಾಸ್ತಿ. ಆದರೆ ಅದನ್ನು ನಡೆಸಲು ಲಿನಕ್ಸ್ ಚೆನ್ನಾಗಿ ಬಲ್ಲವರು ಬೇಕು. ಡೇಟಾ ಪೂರ್ತಿ ಗೂಗಲ್ ಶೀಟ್‌ನಲ್ಲೇ ಇದ್ದರೆ ಗೂಗಲ್‌ನದೇ ರಿಪೋರ್ಟ್ ಟೂಲ್ ಲುಕರ್ ಸ್ಟುಡಿಯೊ ಸಾಕು.

ಮೆಟಾಬೇಸ್‌ಗೆ ಒಂದು ಮಿತಿ ಇದೆ. ಎರಡು ಬೇರೆ ಬೇರೆ ಡೇಟಾಬೇಸ್‌ಗಳ ಟೇಬಲ್‌ಗಳನ್ನು ಅದು ಒಂದೇ ಪ್ರಶ್ನೆಯಲ್ಲಿ ಜೋಡಿಸುವುದಿಲ್ಲ. ಟ್ಯಾಲಿಯ ಬಾಕಿಯೂ ಬಿಲ್ಲಿಂಗ್‌ನ ಮಾರಾಟವೂ ಒಂದೇ ಕಡೆ ಕಾಣಬೇಕೆಂದರೆ ಮೊದಲು ಎರಡನ್ನೂ ಒಂದೇ ಡೇಟಾಬೇಸ್‌ಗೆ ತರಬೇಕು. ನಿಜವಾದ ಕೆಲಸ ಇರುವುದು ಅಲ್ಲೇ.

ಡೇಟಾ ಒಂದೆಡೆ ತರುವುದು

ಮೊದಲ ನಿಯಮ: ಬಿಲ್ ಹಾಕುತ್ತಿರುವ ಡೇಟಾಬೇಸ್ ಮೇಲೆ ನೇರವಾಗಿ ಭಾರೀ ರಿಪೋರ್ಟ್ ಓಡಿಸಬೇಡಿ. ತಿಂಗಳ ಕೊನೆಯಲ್ಲಿ ಒಬ್ಬರು ವರ್ಷದ ಮಾರಾಟದ ರಿಪೋರ್ಟ್ ಒತ್ತಿದರೆ ಕೌಂಟರ್‌ನಲ್ಲಿ ಬಿಲ್ ಹಾಕುವವರ ಸ್ಕ್ರೀನ್ ನಿಂತುಬಿಡಬಹುದು. ಇದಕ್ಕೆ ಪರಿಹಾರ ಎಂದು ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ತುಂಬ ‘ನೋಲಾಕ್’, ಅಂದರೆ ಬೇರೆಯವರ ಕೆಲಸ ಮುಗಿಯಲು ಕಾಯದೆ ಓದು ಎಂಬ ಸೂಚನೆ, ಹಾಕುವ ರೂಢಿ ಇದೆ. ಸ್ಕ್ರೀನ್ ನಿಲ್ಲುವುದಿಲ್ಲ, ನಿಜ. ಆದರೆ ಇನ್ನೂ ಸೇವ್ ಆಗದ ಸಾಲು ಲೆಕ್ಕಕ್ಕೆ ಬರಬಹುದು, ಒಂದೇ ಸಾಲು ಎರಡು ಸಲ ಎಣಿಕೆ ಆಗಬಹುದು, ಒಂದು ತಪ್ಪಿಯೂ ಹೋಗಬಹುದು. ದುಡ್ಡಿನ ರಿಪೋರ್ಟ್‌ಗೆ ಅದು ಬೇಡ.

ಸಣ್ಣ ಕಂಪನಿಗೆ ಬಹಳ ಸರಳ ದಾರಿ ಒಂದಿದೆ. ರಾತ್ರಿಯ ಬ್ಯಾಕಪ್ ಅನ್ನು ಇನ್ನೊಂದು ಮಷೀನ್‌ನಲ್ಲಿ ರಿಸ್ಟೋರ್ ಮಾಡಿ, ರಿಪೋರ್ಟ್‌ಗಳನ್ನೆಲ್ಲ ಅದರ ಮೇಲೆ ಓಡಿಸಿ. ನಿನ್ನೆಯವರೆಗಿನ ಅಂಕಿ ಸಾಕು ಎನ್ನುವವರಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ. ಜೊತೆಗೆ ನಿಮ್ಮ ಬ್ಯಾಕಪ್ ನಿಜಕ್ಕೂ ರಿಸ್ಟೋರ್ ಆಗುತ್ತದೆ ಎಂಬ ಖಾತರಿ ದಿನಾ ಸಿಗುತ್ತದೆ. ಎಷ್ಟೋ ಕಡೆ ಬ್ಯಾಕಪ್ ಇರುತ್ತದೆ, ರಿಸ್ಟೋರ್ ಮಾಡಿ ಯಾರೂ ನೋಡಿರುವುದಿಲ್ಲ.

ಡೇಟಾ ಸಾಗಿಸುವ ಟೂಲ್‌ಗಳಲ್ಲಿ ಎಸ್‌ಕ್ಯೂಎಲ್ ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿ ಇರುವವರಿಗೆ ಎಸ್‌ಎಸ್‌ಐಎಸ್ ಜೊತೆಗೇ ಬರುತ್ತದೆ. ಬೇರೆ ದುಡ್ಡು ಇಲ್ಲ. 2005ರಿಂದ ಇರುವ ಟೂಲ್, ಬಲ್ಲವರು ಸುಲಭಕ್ಕೆ ಸಿಗುತ್ತಾರೆ. ಎಕ್ಸ್‌ಪ್ರೆಸ್ ಇರುವವರು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ಹೇಳಿದ ಹೊತ್ತಿಗೆ ಅದನ್ನು ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಹಾಕಬಹುದು. ಆದರೆ ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ಓದಬಲ್ಲವರು ಇನ್ನೊಬ್ಬರು ಇರಲೇಬೇಕು. ಉಚಿತ ಟೂಲ್ ಯಾವಾಗಲೂ ಇರುತ್ತದೆ ಎಂದೂ ನಂಬಿ ಕೂರಬೇಡಿ. ಬಹಳ ಜನ ನೆಚ್ಚಿಕೊಂಡಿದ್ದ ಟ್ಯಾಲೆಂಡ್ ಓಪನ್ ಸ್ಟುಡಿಯೊ 2024ರ ಜನವರಿ 31ಕ್ಕೆ ನಿಂತೇಹೋಯಿತು. ಅದಕ್ಕೇ ನಾನು ಹೇಳುವುದು, ಟೂಲ್‌ನಿಂದ ಡೇಟಾವನ್ನು ಇದ್ದ ಹಾಗೇ ಒಂದು ಟೇಬಲ್‌ಗೆ ತಂದು ಇಳಿಸಿ. ಸೋಸುವುದು, ಸೇರಿಸುವುದು, ಲೆಕ್ಕ ಹಾಕುವುದು ಎಲ್ಲ ಎಸ್‌ಕ್ಯೂಎಲ್‌ನಲ್ಲೇ ಇರಲಿ. ನಾಳೆ ಟೂಲ್ ಬದಲಾದರೂ ಆ ಎಸ್‌ಕ್ಯೂಎಲ್ ನಿಮ್ಮ ಹತ್ತಿರವೇ ಉಳಿಯುತ್ತದೆ.

ಟ್ಯಾಲಿಯಿಂದ ಡೇಟಾ ತೆಗೆಯಲು ಒಡಿಬಿಸಿ, ಎಕ್ಸ್‌ಎಂಎಲ್ ಎಂಬ ಎರಡು ದಾರಿ ಇವೆ. ಸಾಮಾನ್ಯವಾಗಿ 9000 ಪೋರ್ಟ್‌ನಲ್ಲಿ (ಕಂಪ್ಯೂಟರ್‌ನ ಆ ನಂಬರಿನ ಸಂಪರ್ಕ ಬಾಗಿಲಿನಲ್ಲಿ) ಕೇಳಿದರೆ ಉತ್ತರ ಕೊಡುತ್ತದೆ. ಆದರೆ ಆ ಹೊತ್ತಿಗೆ ಟ್ಯಾಲಿ ತೆರೆದಿರಬೇಕು, ಕಂಪನಿ ಲೋಡ್ ಆಗಿರಬೇಕು. ರಾತ್ರಿ ಎರಡಕ್ಕೆ ಓಡುವ ಸ್ಕ್ರಿಪ್ಟ್ ಬರೆಯುವ ಮುನ್ನ ಇದನ್ನು ನೆನಪಿಡಿ.

ಪ್ರತಿ ರಾತ್ರಿ ಎಲ್ಲ ಡೇಟಾ ತರಬೇಕಾ, ಬದಲಾದದ್ದು ಮಾತ್ರ ಸಾಕಾ? ಕೆಲವು ಲಕ್ಷ ಸಾಲಿನೊಳಗೆ ಇದ್ದರೆ ಎಲ್ಲವನ್ನೂ ಅಳಿಸಿ ಮತ್ತೆ ತುಂಬುವುದೇ ನೆಮ್ಮದಿ. ‘ಬದಲಾದ ದಿನಾಂಕ’ ನೋಡಿ ತರುವ ದಾರಿಯಲ್ಲಿ ಒಂದು ಗುಂಡಿ ಇದೆ. ರದ್ದಾಗಿ ಅಳಿಸಿಹೋದ ಬಿಲ್‌ಗೆ ಬದಲಾದ ದಿನಾಂಕವೇ ಇರುವುದಿಲ್ಲ. ಹಾಗಾಗಿ ಅದು ನಿಮ್ಮ ರಿಪೋರ್ಟ್‌ನಲ್ಲಿ ಮಾರಾಟವಾಗಿಯೇ ಉಳಿದುಬಿಡುತ್ತದೆ.

ಈಗ ಯಾವ ಟೂಲ್ ಕೂಡ ತಾನಾಗಿ ಬಿಡಿಸಿಕೊಡದ ವಿಷಯಕ್ಕೆ ಬರೋಣ. ಊರಿನ ಹೆಸರು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಳೆಯ ಬಿಲ್‌ಗಳಲ್ಲಿ ಹುಬ್ಲಿ, ಶಿಮೊಗಾ, ಬೆಲ್ಗಾಂ. ಹೊಸದರಲ್ಲಿ ಹುಬ್ಬಳ್ಳಿ, ಶಿವಮೊಗ್ಗ, ಬೆಳಗಾವಿ. ಇಬ್ಬರು ಆಪರೇಟರ್‌ಗಳು ಕೂತರೆ ಸ್ಪೆಲಿಂಗ್ ಇನ್ನೂ ಎರಡು ಬಗೆ. ಊರುವಾರು ಮಾರಾಟ ತೆಗೆದರೆ ಒಂದೇ ಹುಬ್ಬಳ್ಳಿ ಮೂರು ಸಾಲಾಗಿ ಬರುತ್ತದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೂ ಹಿಂದಿನ ವರ್ಷದ ಜೊತೆ ಜಿಲ್ಲಾವಾರು ಹೋಲಿಸಿದರೆ ಬಳ್ಳಾರಿಯ ವ್ಯಾಪಾರ ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ. ಹೆಸರಿನ ಮೇಲೆ ಜೋಡಿಸುವುದನ್ನು ಬಿಟ್ಟು ಕೋಡ್ ಮೇಲೆ ಜೋಡಿಸಿ. ಊರಿಗೆ, ತಾಲೂಕಿಗೆ ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಕೋಡ್‌ಗಳಿವೆ, ಅವನ್ನೇ ಬಳಸಿ.

ಗ್ರಾಹಕರಿಗೂ ಇದೇ ಮಾತು. ಟ್ಯಾಲಿಯಲ್ಲಿ ‘ಶ್ರೀ ಮಂಜುನಾಥ ಟ್ರೇಡರ್ಸ್’, ಬಿಲ್ಲಿಂಗ್‌ನಲ್ಲಿ ‘ಮಂಜುನಾಥ ಟ್ರೇ. ದಾವಣಗೆರೆ’. ಇಬ್ಬರೂ ಒಬ್ಬರೇನಾ? ಹೆಸರು ನೋಡಿ ಹೇಳಲಾಗದು. 15 ಅಕ್ಷರದ ಜಿಎಸ್‌ಟಿ ನಂಬರ್ ನೋಡಿ ಹೇಳಬಹುದು. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಪ್ಯಾನ್ ನಂಬರ್. ಒಂದೇ ಪಾರ್ಟಿಗೆ ಎರಡು ರಾಜ್ಯದಲ್ಲಿ ಅಂಗಡಿ ಇದ್ದರೆ ಜಿಎಸ್‌ಟಿ ನಂಬರ್ ಎರಡು, ನಡುವಿನ ಪ್ಯಾನ್ ಒಂದೇ. ಒಟ್ಟು ಬಾಕಿ ಬೇಕಿದ್ದರೆ ಪ್ಯಾನ್ ಮೇಲೆ ಕೂಡಿಸಿ. ಜಿಎಸ್‌ಟಿ ಇಲ್ಲದ ಸಣ್ಣ ಅಂಗಡಿಗಳಿಗೆ ಫೋನ್ ನಂಬರ್ ಹಿಡಿದು ನೀವೇ ಒಂದು ಕೋಡ್ ಕೊಡಬೇಕು. ಬೇಸರದ ಕೆಲಸ. ಆದರೆ ಇದನ್ನು ಕೂತು ಮಾಡದೆ ಬಾಕಿ ರಿಪೋರ್ಟ್ ಯಾವತ್ತೂ ತಾಳೆ ಆಗುವುದಿಲ್ಲ.

ಕನ್ನಡ ಅಕ್ಷರದ ವಿಷಯವನ್ನೂ ಹೇಳಲೇಬೇಕು. ಹಳ್ಳಿಯ ಹೆಸರು, ರೈತರ ಹೆಸರು ಕನ್ನಡದಲ್ಲಿ ತುಂಬುವವರು ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಆ ಕಾಲಂ ಅನ್ನು ಎಲ್ಲ ಭಾಷೆಯ ಅಕ್ಷರ ಹಿಡಿಸುವ ‘ಎನ್‌ವಾರ್‌ಚಾರ್’ ಬಗೆಯದಾಗಿ ಇಡಿ. ಸಾಮಾನ್ಯ ‘ವಾರ್‌ಚಾರ್’ ಆದರೆ ‘ಚನ್ನಗಿರಿ’ ಎಂದು ಹಾಕಿದ್ದು ‘????????’ ಆಗಿ ಕೂರುತ್ತದೆ. ಕ್ವೆರಿಯಲ್ಲಿ ನೇರವಾಗಿ ಬರೆಯುವಾಗ ಉದ್ಧರಣ ಚಿಹ್ನೆಯ ಮುಂದೆ ದೊಡ್ಡ ‘ಎನ್’ ಅಕ್ಷರ ಮರೆತರೂ ಇದೇ ಗತಿ. ಹೀಗೆ ಒಮ್ಮೆ ಪ್ರಶ್ನೆ ಚಿಹ್ನೆಯಾಗಿ ಸೇವ್ ಆದದ್ದನ್ನು ಮತ್ತೆ ಕನ್ನಡಕ್ಕೆ ತರಲು ದಾರಿಯೇ ಇಲ್ಲ, ಮೂಲದಿಂದ ಮತ್ತೆ ತುಂಬಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್8ಎಂಬಿ4’ ಎಂಬ ಅಕ್ಷರ ವ್ಯವಸ್ಥೆ ಇಟ್ಟುಕೊಳ್ಳಿ. ಕನ್ನಡದ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್‌ನಲ್ಲಿ ಎಷ್ಟೋ ಸಲ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಅಲ್ಲಿ ಡೇಟಾ ಹಾಳಾಗಿಲ್ಲ. ‘ಡೇಟಾ’ ಮೆನುವಿನಿಂದ ಇಂಪೋರ್ಟ್ ಮಾಡಿ, 65001 ಎಂಬ ಯುಟಿಎಫ್-8 ಆಯ್ಕೆ ಕೊಟ್ಟರೆ ಸರಿಯಾಗಿ ಬರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ತುಂಬಿದ ಫೈಲ್‌ಗಳನ್ನು ಮಾತ್ರ ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ಒಳಗೆ ತಗೊಳ್ಳಿ.

ಗಡಿಯಾರದ್ದೂ ಒಂದು ಕಾಟ ಇದೆ. ಕ್ಲೌಡ್ ಸರ್ವರ್‌ಗಳು ಹೆಚ್ಚಾಗಿ ಯುಟಿಸಿ ಎಂಬ ವಿಶ್ವ ಸಮಯದಲ್ಲಿ ಓಡುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಿಗ್ಗೆ 5ಕ್ಕೆ ಹಾಲಿನ ಬೂತ್‌ನಲ್ಲಿ ಹಾಕಿದ ಬಿಲ್ ಅಲ್ಲಿ ಹಿಂದಿನ ದಿನ ರಾತ್ರಿ 11.30ರದು. ತಿಂಗಳ ಮೊದಲ ದಿನ ಹೀಗಾದರೆ ಬಿಲ್ ಹಿಂದಿನ ತಿಂಗಳಿಗೆ ಸೇರುತ್ತದೆ. ಆರ್ಥಿಕ ವರ್ಷಕ್ಕೂ ಇದೇ ಎಚ್ಚರ ಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ ಎಂದು ನೀವು ಹೇಳಿಕೊಡದಿದ್ದರೆ ಟೂಲ್ ಡಿಸೆಂಬರ್‌ಗೇ ಮುಗಿಸಿಬಿಡುತ್ತದೆ.

ಕಲಿಯುವುದು, ಕಲಿಸುವುದು

ಯಾರನ್ನು ಕಲಿಯಲು ಕಳಿಸಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ವ್ಯಾಪಾರ ಗೊತ್ತಿರುವವರನ್ನು ಕಳಿಸಿ. ಪೈಥಾನ್ ಬರುವ ಹೊಸ ಹುಡುಗನಿಗೆ ಕ್ರೆಡಿಟ್ ನೋಟ್ ಎಂದರೇನು, ಸ್ಕೀಮ್ ರೇಟ್ ಯಾವಾಗ ಬದಲಾಗುತ್ತದೆ ಎಂದು ತಿಳಿಸಲು ವರ್ಷ ಬೇಕು. ಹತ್ತು ವರ್ಷದಿಂದ ಲೆಕ್ಕ ಬರೆಯುತ್ತಿರುವ ಅಕೌಂಟೆಂಟ್ ಮೇಡಂಗೆ ಪವರ್ ಕ್ವೆರಿ, ಒಂದಿಷ್ಟು ಎಸ್‌ಕ್ಯೂಎಲ್ ಕಲಿಸಲು ಕೆಲವು ತಿಂಗಳು ಸಾಕು. ಅಂಕಿ ತಪ್ಪಿದ್ದರೆ ಅವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಕಲಿಯುವ ಕ್ರಮದಲ್ಲಿ ಎಸ್‌ಕ್ಯೂಎಲ್ ಮೊದಲು. ಟೂಲ್‌ಗಳು ಬರುತ್ತವೆ, ಹೋಗುತ್ತವೆ. ಟೇಬಲ್ ಜೋಡಿಸುವ ಜಾಯಿನ್, ಗುಂಪು ಮಾಡಿ ಕೂಡಿಸುವ ಗ್ರೂಪ್ ಬೈ ಎಲ್ಲ ಕಡೆಯೂ ಒಂದೇ. ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿಯವರ ಡೇಟಾಬೇಸ್ ಪಾಠಗಳು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳಲು ಮಾತ್ರ ಫೀ. ತತ್ವ ಗಟ್ಟಿಯಾಗಲು ಅದು ಒಳ್ಳೆಯದು. ಕೈಕೆಲಸಕ್ಕೆ ಮೈಕ್ರೋಸಾಫ್ಟ್ ಲರ್ನ್ ಸಾಕು, ಅದೂ ಉಚಿತ. ತಾನಾಗಿ ಕೂತು ಕಲಿಯುವ ಅಭ್ಯಾಸ ಇಲ್ಲದವರಿಗೆ, ಅನುಮಾನ ಬಂದಾಗ ಪಕ್ಕದಲ್ಲಿ ಕೇಳಲು ಒಬ್ಬರು ಬೇಕು ಎನ್ನುವವರಿಗೆ ತರಬೇತಿ ಕೇಂದ್ರವೇ ಸರಿ. ಅದಕ್ಕೆ ಕೊಡುವ ದುಡ್ಡು ದಂಡ ಅಲ್ಲ.

ಸರ್ಟಿಫಿಕೇಟ್ ಬೇಕಾ? ಕೆಲಸ ಹುಡುಕುವವರಿಗೆ ಬೇಕು, ಇದ್ದ ಕಂಪನಿಯಲ್ಲೇ ರಿಪೋರ್ಟ್ ಮಾಡುವವರಿಗೆ ಅಷ್ಟೇನೂ ಅಗತ್ಯ ಇಲ್ಲ. ಪವರ್ ಬಿಐಗೆ ಪಿಎಲ್-300 ಪರೀಕ್ಷೆ. 1000ಕ್ಕೆ 700 ಬಂದರೆ ಪಾಸ್. ಒಂದು ವರ್ಷ ಊರ್ಜಿತ, ಆಮೇಲೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ಡೇಟಾ ಎಂಜಿನಿಯರ್ ಆಗುವವರು ಬರೆಯುತ್ತಿದ್ದ ಡಿಪಿ-203 2025ರ ಮಾರ್ಚ್ 31ಕ್ಕೆ ನಿಂತಿದೆ. ಈಗ ಮೈಕ್ರೋಸಾಫ್ಟ್ ಮುಂದಿಟ್ಟಿರುವುದು ಡಿಪಿ-700. ಯಾವುದೇ ಕೇಂದ್ರದವರು ಇನ್ನೂ ಡಿಪಿ-203ಕ್ಕೇ ಫೀ ಕಟ್ಟಿಸಿಕೊಳ್ಳುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಕೇಂದ್ರ ಆರಿಸುವಾಗ ಸಿಲಬಸ್ ಹಾಳೆಗಿಂತ ಅಭ್ಯಾಸಕ್ಕೆ ಯಾವ ಡೇಟಾ ಕೊಡುತ್ತಾರೆ ಎಂದು ಕೇಳಿ. ನಾರ್ತ್‌ವಿಂಡ್, ಅಡ್ವೆಂಚರ್‌ವರ್ಕ್ಸ್ ಎಂಬ ಮಾದರಿ ಡೇಟಾಬೇಸ್‌ಗಳಲ್ಲೇ ಮುಗಿಸಿಬಿಡುವವರು ಬಹಳ. ಶುರುವಿಗೆ ಅವು ಚೆನ್ನಾಗಿವೆ. ಆದರೆ ಎಲ್ಲ ಅಚ್ಚುಕಟ್ಟಾಗಿದ್ದು, ಒಂದೇ ಊರಿಗೆ ಮೂರು ಹೆಸರು ಎಂಬ ಗೋಜು ಅಲ್ಲಿ ಇರುವುದೇ ಇಲ್ಲ. ನಾಲ್ಕಾರು ಜನ ಕಲಿಯುವವರಿದ್ದರೆ ತರಬೇತುದಾರರನ್ನೇ ಕಚೇರಿಗೆ ಕರೆಸಿ, ನಿಮ್ಮ ಡೇಟಾ ಮೇಲೇ ಪಾಠ ಮಾಡಿಸಿ. ಮೂರು ದಿನದ ತರಬೇತಿಯಾದರೆ ಅದರ ಕೊನೆಗೆ ಬಾಕಿ ರಿಪೋರ್ಟ್ ಒಂದಾದರೂ ನಿಜವಾಗಿ ಓಡುತ್ತಿರಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಡೇಟಾ ಅವರ ಕೈಗೆ ಕೊಡುವ ಮುನ್ನ ಒಂದು ಕಾಪಿ ಮಾಡಿ, ಅದರಲ್ಲಿ ಗ್ರಾಹಕರ ಹೆಸರು, ಫೋನ್, ಪ್ಯಾನ್ ಎಲ್ಲ ಬದಲಾಯಿಸಿ ಕೊಡಿ. ಓದಲು ಮಾತ್ರ ಆಗುವ ಲಾಗಿನ್ ಮಾಡಿಕೊಟ್ಟು, ತರಬೇತಿ ಮುಗಿದ ಸಂಜೆಯೇ ಅದನ್ನು ಮುಚ್ಚಿ.